ಗುರುವಾರ ನಿಂತ ಗಿರಣಿ

ಹುಣಸೇಕಟ್ಟೆಯಲ್ಲಿ ಹಿಟ್ಟಿನ ಗಿರಣಿ ಅಂತ ಇದ್ದದ್ದು ಒಂದೇ, ಷಡಕ್ಷರಿಯದು. ಅಜ್ಜಂಪುರದ ಸಂತೆಯಿಂದ ಎರೆಹೊಲದ ದಾರಿಯಲ್ಲಿ ನಡೆದು ಬರುವವರಿಗೆ ಊರು ಕಾಣುವ ಮೊದಲೇ ಅದರ ಡೀಸೆಲ್ ಇಂಜಿನ್ನಿನ ಸದ್ದು ಕೇಳುತ್ತಿತ್ತು. ಷಡಕ್ಷರಿಯ ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು ಎಲ್ಲ ಹಿಟ್ಟು ಕೂತು ಬೆಳ್ಳಗೆ. ಮೂವತ್ತು ದಾಟದ ಆಳು, ನೋಡಿದರೆ ಮುದುಕನ ಹಾಗೆ ಕಾಣುತ್ತಿದ್ದ. ಹೆಚ್ಚು ಮಾತಿನವನಲ್ಲ. ಇಂಜಿನ್ ಸದ್ದಿನಲ್ಲಿ ಮಾತಾಡಿ ಯಾರಿಗೆ ಕೇಳಬೇಕು ಅನ್ನುತ್ತಿದ್ದ.

ನಾನು ಆ ಊರಿನ ಸೊಸೆ. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ ಅನ್ನುವ ಕಾರಣಕ್ಕೆ ಮುಂದೆ ನನ್ನನ್ನೇ ಅಂಗನವಾಡಿಗೆ ನೇಮಿಸಿದರು. ಷಡಕ್ಷರಿಯ ಹೆಂಡತಿ ಮಲ್ಲಿಕಾಂಬ ನಮ್ಮ ಹಿತ್ತಲಿನ ಬೇಲಿಯಾಚೆಯವಳು. ಅವಳ ತವರು ಕಡೂರು ಕಡೆಯ ಪಂಚನಹಳ್ಳಿ. ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮ ಕರೀ ನೆಲ ನೋಡಿ, "ಒಂದು ತೆಂಗಿನ ಮರಾನೂ ಇಲ್ಲವಲ್ಲಕ್ಕಾ ಇಲ್ಲಿ, ಕಣ್ಣಿಗೆ ನೆರಳೇ ಸಿಗಲ್ಲ" ಅಂತ ಬೇಸರಪಡುತ್ತಿದ್ದಳು.

ಅವಳ ಮೊದಲನೇ ಬಾಣಂತನ ತವರಿನಲ್ಲೇ ಆಯಿತು. ಎಪ್ಪತ್ತಾರನೇ ಇಸವಿ ಇರಬೇಕು. ಏಳು ತಿಂಗಳಿಗೆ ಸೀಮಂತ ಮಾಡಿ, ಮಡಿಲು ತುಂಬಿ ಕರೆದುಕೊಂಡು ಹೋದರು. ಅಲ್ಲಿಂದ ಮುಂದೆ ಗಂಡನಾದವನಿಗೆ ಏನೂ ಕೆಲಸವಿಲ್ಲ. ಹೋಗಿ ನೋಡಿಕೊಂಡು ಬರುತ್ತೀನಿ ಅಂದರೆ ಅವನ ತಾಯಿ ತೀರ್ಥಮ್ಮ, "ಬಸುರಿ ಹೆಂಡ್ತಿ ಹಿಂದೆ ಸುತ್ತೋ ಅಳಿಯನ್ನ ನೋಡಿ ಬೀಗರು ನಗಾಡ್ತಾರೆ, ಸುಮ್ಕಿರು. ಮಗ ಹುಟ್ಟಿದ ಮೇಲೆ ಹೇಳಿ ಕಳಿಸ್ತಾರೆ" ಅಂದರು. ಷಡಕ್ಷರಿ ಗಿರಣಿಗೆ ಹೊರಟ.

ಹೇಳಿ ಕಳಿಸಿದರು. ಮಲ್ಲಿಕಾಂಬಳ ಚಿಕ್ಕಪ್ಪ ಒಂದು ಮಧ್ಯಾಹ್ನ ಬಿಸಿಲಲ್ಲಿ ಬಂದು ಗಿರಣಿ ಬಾಗಿಲಲ್ಲಿ ನಿಂತು ಏನೋ ಹೇಳಿದರು. ಸದ್ದಿನಲ್ಲಿ ಷಡಕ್ಷರಿಗೆ 'ಗಂಡು ಮಗು' ಅನ್ನುವುದಷ್ಟೇ ಕೇಳಿಸಿತು. ನಗುತ್ತಾ ಇಂಜಿನ್ ಆರಿಸಿದ. ಸದ್ದು ನಿಂತ ಮೇಲೆ ಉಳಿದದ್ದು ಕೇಳಿಸಿತು. ಹುಟ್ಟಿದ ಮಗು ನಾಲ್ಕು ದಿನ ಚೆನ್ನಾಗಿ ಹಾಲು ಕುಡಿದು, ಆಮೇಲೆ ದವಡೆ ಕಚ್ಚಿಕೊಂಡು, ಮೈ ಸೆಟೆದು ಹೋಗಿಬಿಟ್ಟಿತಂತೆ. ಹುಟ್ಟಿದ್ದೂ ಹೋದದ್ದೂ ಅವನಿಗೆ ಒಂದೇ ಉಸಿರಿನಲ್ಲಿ ಗೊತ್ತಾಯಿತು.

ಅಜ್ಜಂಪುರದಲ್ಲಿ ರೈಲು ಹತ್ತಿ ಕಡೂರಲ್ಲಿ ಇಳಿದು, ಬಸ್ಸು ಹಿಡಿದು ಪಂಚನಹಳ್ಳಿ ಸೇರುವ ಹೊತ್ತಿಗೆ ಮಗುವನ್ನು ಮಣ್ಣು ಮಾಡಿ ಆಗಿತ್ತು. ತೋಟದ ಅಂಚಿನಲ್ಲಿ ಯಾರೋ ಕೈ ತೋರಿಸಿದರು. ಅಲ್ಲಿ ಹಸಿ ಮಣ್ಣಿನ ಮೇಲೆ ಮುಳ್ಳು ಮುಚ್ಚಿದ್ದರು. ಒಳಗೆ ಕತ್ತಲೆ ಕೋಣೆಯಲ್ಲಿ ಹೆಂಡತಿ ಗೋಡೆ ಕಡೆ ತಿರುಗಿ ಮಲಗಿದ್ದಳು. ಅವನು ಹೊಸ್ತಿಲ ಆಚೆಯೇ ಕೂತು ಒಂದೇ ಮಾತು ಕೇಳಿದನಂತೆ.

"ಯಾರ ಹಂಗಿತ್ತು?"

"ಕಿವಿ ನಿಮ್ಮದೇ," ಅಂದಳಂತೆ ಅವಳು.

ಇದನ್ನು ಮಲ್ಲಿಕಾಂಬ ನನಗೆ ಎಷ್ಟೋ ವರ್ಷ ಬಿಟ್ಟು ಹೇಳಿದಳು. ಬೇಲಿ ಹತ್ತಿರ ನಿಂತು ಸೊಪ್ಪು ಬಿಡಿಸುತ್ತಾ, ಬೇರೆ ಯಾರದೋ ಮನೆಯ ಸುದ್ದಿ ಹೇಳುವ ಹಾಗೆ ಹೇಳಿದಳು.

ಆಮೇಲೆ ಬಹಳ ಕಾಲ ಅವಳಿಗೆ ಬಸಿರು ನಿಲ್ಲಲಿಲ್ಲ. ತೀರ್ಥಮ್ಮನವರು ಮಗನಿಗೆ ಇನ್ನೊಂದು ಹೆಣ್ಣು ನೋಡುವ ಮಾತನ್ನು ಊಟಕ್ಕೆ ಕೂತಾಗಲೆಲ್ಲ ಎತ್ತುತ್ತಿದ್ದರು. ಅವನು ತಟ್ಟೆ ಬಿಟ್ಟು ಏಳುತ್ತಿದ್ದ. ಎಂಬತ್ಮೂರರಲ್ಲಿ, ಯಾರೂ ನಿರೀಕ್ಷೆ ಇಟ್ಟುಕೊಂಡಿರದ ಹೊತ್ತಿನಲ್ಲಿ, ಮಲ್ಲಿಕಾಂಬ ಮತ್ತೆ ಬಸುರಿಯಾದಳು.

ಅದೇ ವರ್ಷ ನಮ್ಮೂರಿಗೆ ಅಂಗನವಾಡಿ ಬಂದಿತ್ತು. ಪ್ರತಿ ಗುರುವಾರ ಅಜ್ಜಂಪುರದಿಂದ ನರ್ಸ್ ಮೀನಾಕ್ಷಮ್ಮ ಬಂದು ಬಸುರಿಯರನ್ನು ಪರೀಕ್ಷೆ ಮಾಡಿ, ಚುಚ್ಚುಮದ್ದು ಹಾಕಿ, ರಕ್ತ ಹೆಚ್ಚಿಸುವ ಕೆಂಪು ಮಾತ್ರೆ ಕೊಡುತ್ತಿದ್ದರು. ನಾನು ಗೋಧಿ ನುಚ್ಚು, ಎಣ್ಣೆ ಕೊಡಬೇಕು. ನಮ್ಮ ಮೇಲೆ ಒಬ್ಬ ಲೇಡಿ ಡಾಕ್ಟರ್ ಇದ್ದರು. ಅವರು ಒಂದು ದಿನ ನಮ್ಮಿಬ್ಬರನ್ನೂ ಕೂರಿಸಿಕೊಂಡು, "ಹೆಂಗಸರಿಗೆ ಎಷ್ಟು ಹೇಳಿದ್ರೂ ಪ್ರಯೋಜನ ಇಲ್ಲ ಕಣ್ರೀ. ಗಾಡಿ ಕಟ್ಟಬೇಕಾದವನು ಗಂಡ, ಆಸ್ಪತ್ರೆಗೆ ಹೋಗೋಣ ಅನ್ನಬೇಕಾದವನೂ ಗಂಡ. ಅವನಿಗೇ ಏನೂ ಗೊತ್ತಿಲ್ಲ. ಗಂಡಂದಿರನ್ನ ಕರೆಸಿ," ಅಂದರು. ಹೇಗೆ ಕರೆಸುವುದು? ಅದಕ್ಕೂ ಅವರೇ ಉಪಾಯ ಹುಡುಕಿದರು. ಗುರುವಾರ ಗಂಡ ಜತೆಗೆ ಬಂದರೆ ಆ ಮನೆಗೆ ನುಚ್ಚು ಎರಡು ಪಾಲು.

ನಾನು ಮನೆಮನೆಗೆ ಹೋಗಿ ಹೇಳಿದೆ. ಗಂಡಸರು ಬೀಡಿ ಹೊಗೆ ಬಿಟ್ಟು ನಕ್ಕರು. ಈರುಳ್ಳಿ ಗಾಡಿ ಹೊಡೆಯುತ್ತಿದ್ದ ಮಂಜಪ್ಪ, "ಏನ್ ಸಾವಿತ್ರಮ್ಮೋರೇ, ನಮಗೂ ಹೊಟ್ಟೆ ಅಳೀತಾರಾ?" ಅಂದ. ಜಗಲಿಯೆಲ್ಲ ಗೊಳ್ಳೆಂದಿತು.

ಮೊದಲನೇ ಗುರುವಾರ ಬೆಳಗ್ಗೆ ಹತ್ತರ ಹೊತ್ತಿಗೆ ಗಿರಣಿ ಸದ್ದು ನಿಂತುಹೋಯಿತು. ಕೆಲಸದ ಹೊತ್ತಿನಲ್ಲಿ ಅದು ನಿಂತಿದ್ದೇ ಇಲ್ಲ. ಜನ ಬಾಗಿಲಿಗೆ ಬಂದು ನೋಡಿದರು.

"ಏನಪ್ಪಾ, ಬೆಲ್ಟು ಕಿತ್ತೋಯ್ತಾ?"

"ಬೆಲ್ಟಲ್ಲ ಕಣೋ. ಹೆಂಡ್ತಿ ಕರ್ಕೊಂಡು ಸೂಜಿ ಹಾಕ್ಸಕ್ಕೆ ಹೊಂಟವ್ನೆ."

ಷಡಕ್ಷರಿ ಮುಂದೆ, ಮಲ್ಲಿಕಾಂಬ ಬಲು ಹಿಂದೆ. ಸೆರಗನ್ನು ಹಣೆವರೆಗೂ ಎಳೆದುಕೊಂಡು, ಬೇರೆ ಯಾವುದೋ ಕೆಲಸಕ್ಕೆ ಹೊರಟವಳ ಹಾಗೆ ಅವಳು ಬರುತ್ತಿದ್ದಳು. ಅವನು ಹುಬ್ಬಿನ ಹಿಟ್ಟನ್ನೂ ತೊಳೆಯದೆ ಬಂದಿದ್ದ. ದಾರಿಯುದ್ದಕ್ಕೂ ಕೇಕೆ, ಸಿಳ್ಳೆ. ಅವನು ತಲೆ ಎತ್ತಿ ನೋಡಲಿಲ್ಲ.

ಮೀನಾಕ್ಷಮ್ಮ ಪರೀಕ್ಷೆ ಮುಗಿಸಿ ಪರದೆಯಾಚೆ ನಿಂತಿದ್ದವನನ್ನು ಕರೆದರು. ಅವರ ಹತ್ತಿರ ಕಹಳೆಯ ಹಾಗಿದ್ದ ಒಂದು ಮರದ ಕೊಳವೆ ಇತ್ತು. ಅದನ್ನು ಸೀರೆಯ ಮೇಲಿಂದ ಹೊಟ್ಟೆಗಿಟ್ಟು, "ಕಿವಿ ಕೊಡಪ್ಪಾ ಇಲ್ಲಿ," ಅಂದರು. ಷಡಕ್ಷರಿ ಹೆಂಡತಿಯ ಮುಖ ನೋಡಿದ. ಅವಳು ಕಣ್ಣು ಮುಚ್ಚಿಕೊಂಡುಬಿಟ್ಟಳು. ಅವನು ಮಂಡಿಯೂರಿ ಬಗ್ಗಿ ಕಿವಿ ಇಟ್ಟ. ಮೊದಲು ಏನೂ ಕೇಳಿಸಲಿಲ್ಲವಂತೆ, ಗಿರಣಿಯ ಕಿವಿ ಅಲ್ಲವೇ. ಆಮೇಲೆ ಅವನ ಮುಖ ನಿಧಾನಕ್ಕೆ ಬದಲಾಯಿತು. ಬಾಯಿ ತೆರೆದುಕೊಂಡು ಹಾಗೇ ಉಳಿಯಿತು.

"ಇಷ್ಟು ಜೋರಾಗಿ ಓಡ್ತೈತಲ್ಲ ತಾಯಿ, ಹಿಂಗೇ ಓಡಬೇಕಾ?" ಅಂದ.

"ಹಿಂಗೇ ಓಡಬೇಕು," ಅಂದರು ಮೀನಾಕ್ಷಮ್ಮ.

ಅವನು ಇನ್ನೊಂದು ಸಲ ಕಿವಿ ಇಟ್ಟ. ಎದ್ದಾಗ ಅವನ ಕೆನ್ನೆಯ ಹಿಟ್ಟಿನಲ್ಲಿ ಎರಡು ಗೆರೆ ಮೂಡಿದ್ದವು.

ಅವತ್ತಿನಿಂದ ಆ ಮಾತಿಲ್ಲದ ಆಸಾಮಿ ಬೇರೆಯೇ ಆದ. ಗಿರಣಿಗೆ ಬಂದ ಗಂಡಸರನ್ನೆಲ್ಲ ಹಿಡಿದು ಇಂಜಿನ್ ಮೇಲೆ ದನಿ ಎತ್ತಿ ಹೇಳುತ್ತಿದ್ದ. ಹೊಟ್ಟೆಯೊಳಗೆ ಮಗುವಿನ ಎದೆ ಬಡಿಯುವುದು ಕೇಳುತ್ತೆ, ಹೋಗಿ ಕೇಳ್ರೋ, ದುಡ್ಡೇನೂ ಕೇಳಲ್ಲ. ಸೂಜಿ ಹಾಕಿಸಿದರೆ ದವಡೆ ಕಚ್ಚುವ ರೋಗ ಮಗುವಿಗೆ ಬರಲ್ಲವಂತೆ, ನನಗೆ ಆಗ ಗೊತ್ತಿರಲಿಲ್ಲ, ನಿಮಗಾದರೂ ಗೊತ್ತಿರಲಿ. ಸರ್ಕಾರದ ಗೋಧಿ ನುಚ್ಚನ್ನು ನಮ್ಮ ಜನ ಬಾಯಿಗಿಡುತ್ತಿರಲಿಲ್ಲ, ದನಕ್ಕೆ ಹಾಕುತ್ತಿದ್ದರು. ಅದನ್ನು ಅವನು ನುಣ್ಣಗೆ ಬೀಸಿ ರೊಟ್ಟಿ ಹಿಟ್ಟು ಮಾಡಿ ಕೊಡಲು ಶುರುಮಾಡಿದ. ಎರಡು ಪಾಲಿಗಾಗಿ ಒಬ್ಬೊಬ್ಬರೇ ಗಂಡಸರು ಬಂದರು. ಬಂದವರು ಕೊಳವೆಗೆ ಕಿವಿ ಇಟ್ಟು ಹೋದರು. ಮಳೆಗಾಲ ಮುಗಿಯುವ ಹೊತ್ತಿಗೆ ಗುರುವಾರ ನಮ್ಮ ಅಂಗಳದಲ್ಲಿ ಗಂಡಸರ ಚಪ್ಪಲಿಯೂ ಬಿದ್ದಿರುತ್ತಿದ್ದವು. ಮಂಜಪ್ಪ ಒಬ್ಬ ಮಾತ್ರ ಬರಲಿಲ್ಲ. ಅವನ ಹೆಂಡತಿ ದುರ್ಗಮ್ಮ ಒಬ್ಬಳೇ ಬಂದು ಹೋಗುತ್ತಿದ್ದಳು.

ಮಲ್ಲಿಕಾಂಬಳಿಗೆ ಏಳು ತಿಂಗಳಾದಾಗ ಪಂಚನಹಳ್ಳಿಯಿಂದ ಅವಳ ತಾಯಿ ಗಿರಿಜಮ್ಮ ಕರೆಯಲು ಬಂದರು. ಷಡಕ್ಷರಿ ಕೈಮುಗಿದು, "ಕಳ್ಸಲ್ಲ ಅತ್ತೆ. ಈ ಸಲ ತರೀಕೆರೆ ಆಸ್ಪತ್ರೇಲಿ. ನಾನೇ ಜತೇಲಿರ್ತೀನಿ," ಅಂದ. ಗಿರಿಜಮ್ಮ ಗಂಡನಿಲ್ಲದ ಹೆಂಗಸು, ಅವರಿಗಿದ್ದದ್ದು ಒಬ್ಬಳೇ ಮಗಳು. "ನನ್ನ ಕೈಲಿ ಒಂದು ಹೋಯ್ತು ಅಂತಲ್ಲವಾ ನೀವು ಹಿಂಗನ್ನೋದು," ಅಂದವರೇ ತಂದಿದ್ದ ಕೊಬ್ಬರಿ, ಬೆಲ್ಲದ ಗಂಟನ್ನು ಜಗಲಿ ಮೇಲಿಟ್ಟು, ನೀರೂ ಕುಡಿಯದೆ ಹೊರಟುಹೋದರು. ಮಲ್ಲಿಕಾಂಬ ಬೇಲಿ ಹತ್ತಿರ ಬಂದು ಅತ್ತಳು. ಆದರೂ ಕಣ್ಣೊರೆಸಿಕೊಂಡು ಅಂದಳು: "ಇವರು ಹಿಂಗೆ ಪಟ್ಟು ಹಿಡಿದಿದ್ದನ್ನ ನಾನು ನೋಡೇ ಇರಲಿಲ್ಲ ಕಣಕ್ಕಾ. ನನಗೂ ಇವರು ಜತೇಲಿರಬೇಕು ಅನ್ನಿಸ್ತದೆ."

ಮಲ್ಲಿಕಾಂಬಳಿಗೆ ಒಂಬತ್ತು ತಿಂಗಳಿಗೆ ಬಿದ್ದಿತ್ತು. ಒಂದು ಗುರುವಾರ ಬೇರೆ ಊರಲ್ಲಿ ಲಸಿಕೆ ಕ್ಯಾಂಪ್ ಇದ್ದು ಮೀನಾಕ್ಷಮ್ಮ ಬರಲಿಲ್ಲ. ಮುಂದಿನ ಗುರುವಾರ ಮಲ್ಲಿಕಾಂಬಳ ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ನೋಡಿದವರು ಮತ್ತೊಮ್ಮೆ ನೋಡಿದರು. ಸೀರೆಯ ಅಂಚು ಎತ್ತಿದರು. ಕಾಲು ತುಂಬಿಕೊಂಡು ಬೆರಳಿಟ್ಟಲ್ಲಿ ಗುಳಿ ಬೀಳುತ್ತಿತ್ತು.

"ಒತ್ತಡ ಬಹಳ ಏರಿದೆ, ಈಗಲೇ ತರೀಕೆರೆಗೆ ಕರ್ಕೊಂಡು ಹೋಗಬೇಕು ಷಡಕ್ಷರಪ್ಪ. ಮನೆಗೂ ಹೋಗಬೇಡ."

ಅವನು ಮನೆಗೆ ಹೋಗಲಿಲ್ಲ. ಯಾರದೋ ಗಾಡಿಯಲ್ಲಿ ಅಜ್ಜಂಪುರ, ಅಲ್ಲಿಂದ ಬಸ್ಸು. ನಾನೂ ಜತೆಗೆ ಹೋದೆ. ಬಸ್ಸಿನಲ್ಲಿ ಮಲ್ಲಿಕಾಂಬ ಕಿಟಕಿಯ ಕಂಬಿಗೆ ಹಣೆ ಒತ್ತಿಕೊಂಡು ಕೂತಿದ್ದಳು.

"ತಲೆ ನೋಯ್ತಿದೆಯಾ?" ಅಂದ ಅವನು.

"ನಾಲ್ಕೈದು ದಿನ ಆಯ್ತು."

"ಮತ್ತೆ ಹೇಳಲೇ ಇಲ್ಲವಲ್ಲೇ!"

ಅವಳು ಕಣ್ಣು ತೆರೆಯದೆ ಅಂದಳು: "ಹೇಳಿದ್ರೆ ಗಿರಣಿ ನಿಲ್ಲಿಸಿ ಬರ್ತಿದ್ರಿ. ಜನ ಮತ್ತೆ ನಿಮ್ಮನ್ನ ನೋಡಿ ನಗೋರು. ಗುರುವಾರ ಹೆಂಗೂ ಬರ್ತದಲ್ಲ ಅಂತ ಸುಮ್ಕಿದ್ದೆ."

ಅವನು ಅವಳ ಕೈ ಹಿಡಿದುಕೊಂಡ. ತುಂಬಿದ ಬಸ್ಸಿನಲ್ಲಿ, ಎಲ್ಲರ ಎದುರಿಗೆ. ತರೀಕೆರೆವರೆಗೂ ಬಿಡಲಿಲ್ಲ.

ಆಸ್ಪತ್ರೆಯವರು ಕೈಲಾದದ್ದೆಲ್ಲ ಮಾಡಿದರು, ಅದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಮಾರನೇ ದಿನ ಬೆಳಗ್ಗೆ ಅವಳಿಗೆ ಫಿಟ್ಸ್ ಬಂತು. ಗಂಡಸರನ್ನು ಒಳಗೆ ಬಿಡುವ ಪದ್ಧತಿ ಇರಲಿಲ್ಲ. ಆದರೆ ಅಲ್ಲಿದ್ದ ಹಿರಿಯ ನರ್ಸ್ ಬಾಗಿಲಲ್ಲಿ ನಿಂತಿದ್ದವನ ಮುಖ ನೋಡಿ ದಾರಿ ಬಿಟ್ಟರು. ಮಧ್ಯಾಹ್ನ ಮಗು ಹುಟ್ಟಿತು. ಹೆಣ್ಣು. ಅಳಲಿಲ್ಲ. ಡಾಕ್ಟರು ಬೆನ್ನು ತಟ್ಟಿದರು, ಬಾಯಿಗೆ ಬಾಯಿಟ್ಟು ಊದಿದರು, ಕೊನೆಗೆ ಬಿಳಿ ಬಟ್ಟೆಯಲ್ಲಿ ಸುತ್ತಿ ಅವನ ಕೈಗೆ ಕೊಟ್ಟರು. ಅವನು ಬಟ್ಟೆ ಸರಿಸಿ ನೋಡುತ್ತಾ ನಿಂತ. ಹಣೆ, ಮೂಗು, ಬೆರಳು, ಒಂದೊಂದನ್ನೇ ನೋಡಿದ. ಉರು ಹೊಡೆಯುವವನ ಹಾಗೆ.

"ಈ ಸಲ ಮುಖ ನೋಡಿದೆ ಸಾವಿತ್ರಮ್ಮ," ಅಂದ.

ಮಲ್ಲಿಕಾಂಬ ಮಗು ಹುಟ್ಟಿದ ಮೇಲೆ ಕಣ್ಣು ಬಿಡಲೇ ಇಲ್ಲ. ಅವಳ ತಲೆ ಅವನ ತೊಡೆಯ ಮೇಲಿತ್ತು. ಬಿಸಿಲು ಇಳಿಯುವ ಹೊತ್ತಿಗೆ ಉಸಿರು ನಿಂತಿತು. ಎಷ್ಟೋ ಹೊತ್ತು ಅವನು ಅವಳ ಕೂದಲ ಸಿಕ್ಕನ್ನು ಬೆರಳಲ್ಲಿ ಬಿಡಿಸುತ್ತಲೇ ಇದ್ದ. ಬಿಡಿಸಿ ಆದ ಮೇಲೂ ಬಿಡಿಸುತ್ತಿದ್ದ.

ತಾಯಿ ಮಗು ಇಬ್ಬರನ್ನೂ ಊರಿಗೆ ತಂದು ಒಂದೇ ಗುಣಿಯಲ್ಲಿ ಇಟ್ಟರು. ಗಿರಿಜಮ್ಮ ಬಂದರು. ಮಗಳ ಪಕ್ಕ ಕೂತರು, ಅಳಿಯನ ಕಡೆ ಕಣ್ಣೆತ್ತಿ ನೋಡದೆ ವಾಪಸ್ಸು ಹೋದರು. ತೀರ್ಥಮ್ಮನವರು ನಮ್ಮ ಅಂಗನವಾಡಿಯ ಬಾಗಿಲಿಗೆ ಬಂದು ಮಣ್ಣು ತೂರಿ, "ನಿಮ್ಮ ಕೆಂಪು ಮಾತ್ರೆ ತಿಂದೇ ನನ್ನ ಸೊಸೆ ಸತ್ತಿದ್ದು" ಅಂತ ಎದೆ ಬಡಿದುಕೊಂಡರು.

ಮುಂದಿನ ಗುರುವಾರ ಅಂಗಳದಲ್ಲಿ ಒಂದು ಚಪ್ಪಲಿಯೂ ಇರಲಿಲ್ಲ. ಗಂಡಸರಿರಲಿ, ಹೆಂಗಸರೂ ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ಮೀನಾಕ್ಷಮ್ಮ ಪೆಟ್ಟಿಗೆ ಬಿಚ್ಚದೆ ಮಧ್ಯಾಹ್ನದವರೆಗೆ ಕೂತಿದ್ದು ಬಸ್ಸಿಗೆ ಹೋಗುತ್ತಿದ್ದರು. ಕರೆಯಲು ಹೋದ ನನಗೆ ಮಂಜಪ್ಪ ಅಂದ: "ಹೆಂಡ್ತಿ ಬೆನ್ನ ಹಿಂದೆನೇ ಓಡಾಡಿದ್ನಲ್ಲ ಷಡಕ್ಷರಿ, ಏನುಳಿಸ್ಕೊಂಡ? ನಮ್ ಅವ್ವದಿರು ಯಾವ ಸೂಜಿ ಹಾಕ್ಸ್ಕೊಂಡು ನಮ್ಮನ್ನ ಹೆತ್ರು? ಹೋಗಿ ಹೋಗಿ."

ಗಿರಣಿ ಬಹಳ ದಿನ ಮುಚ್ಚಿತ್ತು. ಆದರೆ ಊರು ಉಣ್ಣಬೇಕಲ್ಲ. ಜನ ಹೋಗಿ ಕೇಳಿಕೊಂಡರು. ಒಂದು ದಿನ ಮತ್ತೆ ಇಂಜಿನ್ ಸದ್ದು ಕೇಳಿತು. ಒಳಗೆ ಅವನು ಯಾರ ಮುಖವನ್ನೂ ನೋಡುತ್ತಿರಲಿಲ್ಲವಂತೆ. ಧಾನ್ಯ ಸುರಿಯುವುದು, ಹಿಟ್ಟು ತುಂಬುವುದು, ಅಷ್ಟೇ.

ಮುಖ ನೋಡದಿದ್ದರಿಂದಲೇ ಇರಬೇಕು, ಅವನಿಗೆ ಕಾಲು ಕಂಡಿತು. ರಾಗಿ ಬೀಸಿಸಲು ಬಂದಿದ್ದ ಮಂಜಪ್ಪನ ಹೆಂಡತಿ ದುರ್ಗಮ್ಮ ಸಾಲಿನಲ್ಲಿ ನಿಂತಿದ್ದಳು, ತುಂಬಿದ ಬಸುರಿ. ಕಾಲುಂಗುರ ಬೆರಳಿನೊಳಗೆ ಹೂತುಹೋಗಿತ್ತು.

ಷಡಕ್ಷರಿ ಇಂಜಿನ್ ಆರಿಸಿದ.

"ತಲೆ ನೋಯ್ತದೇನವ್ವಾ?"

ದುರ್ಗಮ್ಮ ಹೆದರಿ ಹೌದೆಂದು ತಲೆಯಾಡಿಸಿದಳು.

ಅವನು ಸೀದಾ ಮಂಜಪ್ಪನ ಮನೆಗೆ ನಡೆದ. ಸಾಲಿನಲ್ಲಿದ್ದವರೆಲ್ಲ ಹಿಂದೆಯೇ ಹೋದರು. ನಾನೂ ಅಂಗನವಾಡಿಯ ಮಕ್ಕಳನ್ನು ಸಹಾಯಕಿಯ ಕೈಗೆ ಬಿಟ್ಟು ಓಡಿದೆ. ಮಂಜಪ್ಪ ಎತ್ತಿಗೆ ಹುಲ್ಲು ಹಾಕುತ್ತಿದ್ದ.

"ಗಾಡಿ ಕಟ್ಟು ಮಂಜಪ್ಪ. ದುರ್ಗಮ್ಮನ್ನ ತರೀಕೆರೆಗೆ ಕರ್ಕೊಂಡು ಹೋಗೋಣ."

ಮಂಜಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಆದ ಮೇಲೆ ಮುಖ ಗಂಟಿಕ್ಕಿದ. "ನೋಡು ಷಡಕ್ಷರಿ, ನಿನ್ ಸಂಕಟ ನನಗೆ ಗೊತ್ತದೆ. ಆದ್ರೆ ನೀನೂ ಎಲ್ಲಾ ಮಾಡ್ದೆ. ಏನಾಯ್ತು?"

"ಏನಾಯ್ತು? ಸತ್ತೋದ್ಲು." ಷಡಕ್ಷರಿ ದನಿ ಏರಿಸಲಿಲ್ಲ. "ತಲೆನೋವು ಬಂದು ನಾಲ್ಕೈದು ದಿನ ನನಗೆ ಹೇಳ್ಲಿಲ್ಲ ಅವಳು. ಯಾಕೆ ಹೇಳ್ಲಿಲ್ಲ ಗೊತ್ತಾ? ಗಿರಣಿ ನಿಲ್ಲಿಸಿದ್ರೆ ಊರು ನಗ್ತದೆ ಅಂತ. ನೀನೂ ನಕ್ಕಿದ್ದೆ ಮಂಜಪ್ಪ. ಸಿಳ್ಳೆ ಹಾಕಿದ್ದೆ. ನಾನು ಬೇಜಾರು ಮಾಡ್ಕೊಂಡಿಲ್ಲ. ಆದ್ರೆ ಅವಳು ಮಾಡ್ಕೊಂಡಿದ್ಲು. ನನಗೆ ಗೊತ್ತಾಗ್ಲಿಲ್ಲ."

ಅಂಗಳದಲ್ಲಿ ಎತ್ತು ಹುಲ್ಲು ಮೇಯುವ ಸದ್ದು ಮಾತ್ರ.

"ಇವತ್ತು ಯಾರಾದ್ರೂ ನಗೋರಿದ್ರೆ ನನ್ನ ನೋಡಿ ನಗ್ರಪ್ಪ," ಅಂದ ಅವನು ಸುತ್ತಲೂ ತಿರುಗಿ. "ನಾನೇ ನೊಗ ಎತ್ತುತ್ತೀನಿ."

ಎತ್ತಿಯೇಬಿಟ್ಟ. ನೊಗ ಕೈಯಿಂದ ಜಾರಿತು. ಮಂಜಪ್ಪ ಬಂದು ಹಿಡಿದುಕೊಂಡ. ಎತ್ತುಗಳನ್ನು ಕಟ್ಟಿದ.

ಅಜ್ಜಂಪುರದವರೆಗೆ ಷಡಕ್ಷರಿ ಗಾಡಿಯ ಪಕ್ಕದಲ್ಲಿ ನಡೆದ. ನಮ್ಮನ್ನು ಬಸ್ಸು ಹತ್ತಿಸಿದ. ತಾನು ಹತ್ತಲಿಲ್ಲ. "ಆ ಆಸ್ಪತ್ರೆಗೆ ನನ್ನ ಕಾಲು ಬರಲ್ಲ ಸಾವಿತ್ರಮ್ಮ, ನೀವು ಹೋಗಿ. ಮಂಜಪ್ಪನ್ನ ಮಾತ್ರ ಬಾಗಿಲಾಚೆ ನಿಲ್ಲಿಸಬೇಡಿ. ಒಳಗೆ ಬಿಡಿಸಿ," ಅಂದ.

ದುರ್ಗಮ್ಮನನ್ನು ಮಲಗಿಸಿಕೊಂಡು ಔಷಧಿ ಕೊಟ್ಟರು. ತಿಂಗಳು ತುಂಬುವ ಮೊದಲೇ ಹೆರಿಗೆಯಾಯಿತು. ಗಂಡು, ಒಂದು ಮುಷ್ಟಿಯಷ್ಟಿತ್ತು. ಹತ್ತಿಯಲ್ಲಿ ಸುತ್ತಿಟ್ಟರು. ಮಂಜಪ್ಪ ಅಲ್ಲೇ ನೆಲದ ಮೇಲೆ ಕೂತು, ಊರಿನವರು ಯಾರಾದರೂ ಬಂದಾರೆಂದು ನೋಡುವುದನ್ನೂ ಮರೆತು, ಹನಿಹನಿಯಾಗಿ ಹಾಲು ಕುಡಿಸುತ್ತಿದ್ದ. ಮಗು ಉಳಿಯಿತು, ದುರ್ಗಮ್ಮನೂ ಉಳಿದಳು. ಮುಂದಿನ ಗುರುವಾರಗಳಲ್ಲಿ ಒಬ್ಬೊಬ್ಬರೇ ಮತ್ತೆ ಬಂದರು. ಗಂಡಸರೂ ಬಂದರು. ಈಗ ಯಾರೂ ಸಿಳ್ಳೆ ಹಾಕುತ್ತಿರಲಿಲ್ಲ, ನಗೆಯೂ ಇರಲಿಲ್ಲ. ಸುಮ್ಮನೆ ಬಂದು ಗೋಡೆಗೊರಗಿ ಕೂತು, ಕರೆದಾಗ ಎದ್ದು ಹೋಗಿ ಕೊಳವೆಗೆ ಕಿವಿ ಇಡುತ್ತಿದ್ದರು.

ಷಡಕ್ಷರಿ ಮಾತ್ರ ನಮ್ಮ ಅಂಗಳಕ್ಕೆ ಮತ್ತೆ ಕಾಲಿಡಲಿಲ್ಲ. ಮಂಜಪ್ಪ ಮಗುವಿಗೆ ಹೆಸರಿಡುವ ದಿನ ಬಂದು ಬಲವಂತ ಮಾಡಿದ. "ಬತ್ತೀನಿ, ನೀನು ಹೋಗಿರು," ಅಂದವನು ಹೋಗಲಿಲ್ಲ. ಆ ಮಗು ಅಂಬೆಗಾಲಿಟ್ಟುಕೊಂಡು ಗಿರಣಿಯ ಹೊಸ್ತಿಲಿಗೆ ಬಂದರೆ, "ಎತ್ಕೊಳ್ಳಿ, ಬೆಲ್ಟಿನ ಹತ್ರ ಬಿಡಬೇಡಿ" ಅಂತ ಕೂಗುತ್ತಿದ್ದ. ಎತ್ತಿಕೊಳ್ಳಲು ತಾನು ಕೈ ಚಾಚುತ್ತಿರಲಿಲ್ಲ. ತೀರ್ಥಮ್ಮನವರು ಕಣ್ಣು ಮುಚ್ಚುವವರೆಗೂ ಇನ್ನೊಂದು ಮದುವೆಯ ಮಾತಾಡಿದರು. ಅವನು ಒಪ್ಪಲಿಲ್ಲ.

ತಾಯಿ ಹೋದ ವರ್ಷವೇ ಗಿರಣಿಯನ್ನು ಮಾರಿದ. ಎಲ್ಲಿಗೆ ಹೋಗುತ್ತೀಯ ಅಂದರೆ ಪಂಚನಹಳ್ಳಿಗೆ ಅಂದ. ನಮಗೆಲ್ಲ ಆಶ್ಚರ್ಯವಾಯಿತು.

ಎಂಬತ್ತೊಂಬತ್ತರಲ್ಲಿ ಒಮ್ಮೆ ಬೀರೂರು ಸ್ಟೇಷನ್ನಿನಲ್ಲಿ ಸಿಕ್ಕಿದ. ನಾನು ತರಬೇತಿ ಮುಗಿಸಿ ಅಜ್ಜಂಪುರದ ಗಾಡಿಗೆ ಕಾಯುತ್ತಿದ್ದೆ. ಅವನು ಪಂಪಿನ ಯಾವುದೋ ಬಿಡಿಭಾಗ ಕೊಳ್ಳಲು ಬಂದಿದ್ದ. ಹುಬ್ಬಿನ ಮೇಲೆ ಹಿಟ್ಟಿರಲಿಲ್ಲ, ಆದರೂ ಹುಬ್ಬು ಬೆಳ್ಳಗೇ ಇತ್ತು. ಕಲ್ಲು ಬೆಂಚಿನ ಮೇಲೆ ಕೂತೆವು. ಹೊಸ ಆಫೀಸರು ಎರಡು ಪಾಲು ನುಚ್ಚು ನಿಲ್ಲಿಸಿಬಿಟ್ಟರು ಅಂದೆ.

"ಗಂಡಸರು ಬರ್ತಾರಾ ಮತ್ತೆ?"

"ಕೆಲವರು ಬರ್ತಾರೆ. ಕೆಲವರು ಬಿಟ್ರು."

ತಲೆಯಾಡಿಸಿದ. ತಾನು ಗಿರಿಜಮ್ಮನವರ ತೆಂಗಿನ ತೋಟ ನೋಡಿಕೊಂಡಿದ್ದೇನೆ ಅಂದ. ಅವರಿಗೆ ಕಣ್ಣು ಮಂಜಾಗಿದೆ, ನೀರು ಸೇದಲಾರರು, ಬೇರೆ ಯಾರೂ ಇಲ್ಲ.

"ಅವರು ಸಮಾಧಾನ ಆಗಿದ್ದಾರಾ?" ಅಂದೆ.

"ನನ್ನ ಜತೆ ಮಾತಾಡಲ್ಲ," ಅಂದ. "ನಾನು ಹೋಗಿ ಇಷ್ಟು ದಿನ ಆಯ್ತು, ಒಂದು ಮಾತೂ ಆಡಿಲ್ಲ. ಆಡಬೇಕು ಅಂತ ನಾನೂ ಕೇಳಲ್ಲ. ಮಗಳನ್ನ ಕಳಿಸಲ್ಲ ಅಂದವನು ನಾನೇ ಅಲ್ಲವಾ."

ಗಾಡಿ ಬರುವ ಗಂಟೆ ಹೊಡೆಯಿತು. ಅವನು ಎದ್ದು ನನ್ನ ಚೀಲ ಎತ್ತಿಕೊಂಡ.

"ಊಟ ಮಾತ್ರ ಬಡಿಸ್ತಾರೆ ಸಾವಿತ್ರಮ್ಮ. ನಾನು ತೋಟದಿಂದ ಬರೋದು ಎಷ್ಟೇ ತಡ ಆಗ್ಲಿ, ಎರಡು ತಟ್ಟೆ ಹಾಕ್ಕೊಂಡು ಕೂತಿರ್ತಾರೆ."